ಎರಡನೇ ಮಹಡಿಯ ‘ಸಿನಿಸ್ಟರ್’ ಮುಖ

ಇಡೀ ಕುಂದಲಹಳ್ಳಿಯಲ್ಲಿ ನಮ್ಮ ಮನೆಯ ದೃಷ್ಟಿಬೊಂಬೆಗೆ ಸಮನಾದದ್ದು ಇನ್ನೊಂದಿಲ್ಲ ಎಂದು ನಾನು ಯಾವ ಸಂಕೋಚವೂ ಇಲ್ಲದೆ ಹೇಳಬಲ್ಲೆ. ಏಕೆಂದರೆ ಅದನ್ನು ಬರೆದವನು ನಾನೇ!

ನಮ್ಮಪ್ಪ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ನಾನು ಮೂರು ಮಹಡಿ ಕಟ್ಟಿಸಿ ಬಾಡಿಗೆದಾರರನ್ನು ಬೆಳೆಯುತ್ತಿದ್ದೇನೆ. ಇಂಥ ಕಟ್ಟಡದ ಮೇಲೆ ನಾಲ್ಕು ಜನರ ಕಣ್ಣು ಬೀಳದೆ ಇರುತ್ತದೆಯೇ? ಅಂಗಡಿಯಲ್ಲಿ ಸಿಗುವ ದೃಷ್ಟಿಬೊಂಬೆಗಳನ್ನು ನೋಡಿದೆ. ಮದುವೆಗೆ ಕರೆಯಲು ಬಂದವರ ಹಾಗೆ ನಗುತ್ತಿದ್ದವು. ಮನೆ ಕಟ್ಟುವಾಗ ಉಳಿದಿದ್ದ ಪ್ಲೈವುಡ್ ಹಲಗೆ ತಂದು, ಕನ್ನಡಿಯ ಮುಂದೆ ಕೂತು, ನಾನೇ ಕಣ್ಣು ಅರಳಿಸಿ, ಹಲ್ಲು ಕಿರಿದು, ನಾಲಿಗೆ ಚಾಚಿ, ನೋಡಿ ನೋಡಿ ಬರೆದೆ. ಎರಡನೇ ಮಹಡಿಯ ಮೆಟ್ಟಿಲ ತಿರುವಿನಲ್ಲಿ, ರಸ್ತೆಗೆ ಕಾಣುವಂತೆ ತೂಗುಹಾಕಿದೆ.

ದಿನಾ ಬೆಳಿಗ್ಗೆ ಆರಕ್ಕೆ ಮಂಕಿ ಕ್ಯಾಪ್ ಹಾಕಿಕೊಂಡು ನೀರಿನ ಟ್ಯಾಂಕ್ ನೋಡಲು ಮೇಲೆ ಹೋಗುವುದು ನನ್ನ ಅಭ್ಯಾಸ. ಹೋಗುವಾಗ ಬೊಂಬೆಯ ಮುಂದೆ ಒಂದೈದು ನಿಮಿಷ ನಿಲ್ಲುತ್ತಿದ್ದೆ. ಪಕ್ಕದಲ್ಲೇ ಬಾಡಿಗೆಯವರ ಕಿಟಕಿ; ಕಪ್ಪು ಗಾಜು. ಅದರಲ್ಲಿ ಮುಖ ಚೆನ್ನಾಗಿ ಕಾಣುತ್ತಿತ್ತು. ಹತ್ತಿರ ಬಗ್ಗಿ ಒಮ್ಮೆ ನನ್ನ ನಾಲಿಗೆ, ಒಮ್ಮೆ ಬೊಂಬೆಯ ನಾಲಿಗೆ ಹೋಲಿಸಿ ನೋಡಿ, ಕಲಾವಿದನಿಗೆ ಸಲ್ಲುವ ತೃಪ್ತಿಯಿಂದ ಮುಂದೆ ಹೋಗುತ್ತಿದ್ದೆ.

ಆ ಮನೆಗೆ ಹೊಸದಾಗಿ ಬಂದವರು ಹಾವೇರಿ ಕಡೆಯ ಬಸವರಾಜ, ಅವರ ಹೆಂಡತಿ ಶೈಲಾ, ಒಂದನೇ ಕ್ಲಾಸಿನ ಮಗಳು ಗೌರಿ. ಒಂದು ದಿನ ಬಾಡಿಗೆದಾರರ ವಾಟ್ಸಾಪ್ ಗ್ರೂಪಿನಲ್ಲಿ ಬಸವರಾಜರ ಸಂದೇಶ ಬಂತು. ಗ್ರೂಪಿನಲ್ಲಿ ಎಲ್ಲ ರಾಜ್ಯದವರೂ ಇರುವುದರಿಂದ ಅಲ್ಲಿ ಇಂಗ್ಲಿಷೇ. ಬೆಳಿಗ್ಗೆ ಹೊತ್ತು ಕಿಟಕಿಯ ಬಳಿ ಒಂದು ಮುಖ ಕಾಣುತ್ತದೆ, ತುಂಬಾ ‘ಈರಿ’, ಮಗುವಿಗೆ ‘ಅನ್‌ಸೆಟ್ಲಿಂಗ್’, ನಗುವಂತೂ ‘ಸಿನಿಸ್ಟರ್’ ಎಂದಿತ್ತು.

ನಾನು ಮಗಳ ಹಳೇ ಡಿಕ್ಷನರಿ ತೆಗೆದೆ. ಈರಿ: ಕಾರಣ ತಿಳಿಯದೆ ಮೈ ಜುಮ್ಮೆನ್ನಿಸುವ. ಅನ್‌ಸೆಟ್ಲಿಂಗ್: ನೆಮ್ಮದಿ ಕೆಡಿಸುವ. ಸಿನಿಸ್ಟರ್: ಕೇಡು ಮಾಡುವಂತೆ ತೋರುವ. ಓದಿ ನನ್ನ ಕಣ್ಣು ತುಂಬಿ ಬಂತು. ನನ್ನ ಬೊಂಬೆಯನ್ನು ಇಷ್ಟು ಸರಿಯಾಗಿ ಅರ್ಥ ಮಾಡಿಕೊಂಡವರು ಅಲ್ಲಿಯವರೆಗೆ ಯಾರೂ ಇರಲಿಲ್ಲ! ಅದೇ ಗ್ರೂಪಿನಲ್ಲಿ ಇಂಗ್ಲಿಷಿನಲ್ಲೇ ಉತ್ತರ ಬರೆದೆ: ‘ಧನ್ಯವಾದ ಸರ್. ಎಲ್ಲಾ ನನ್ನದೇ ಶ್ರಮ. ಇನ್ನೂ ಸಿನಿಸ್ಟರ್ ಮಾಡುತ್ತೇನೆ.’

ಎಲ್ಲರೂ ಓದಿದರು.

ಕೊಟ್ಟ ಮಾತಿನಂತೆ ಕೆಂಪು ಪೇಂಟ್ ತಂದು ನಾಲಿಗೆಗೆ ಇನ್ನೊಂದು ಕೋಟ್ ಹೊಡೆದೆ. ಮರುದಿನ ಗಾಜಿನಲ್ಲಿ ಹೋಲಿಸುವುದಕ್ಕೂ ಜಾಸ್ತಿ ಹೊತ್ತು ಹಿಡಿಯಿತು. ಎಂಟು ಗಂಟೆಗೆ ಬಸವರಾಜರ ಸಂದೇಶ: ‘ಈಗಂತೂ ಬಹಳ ಕ್ರೀಪಿ. ನಾಲಿಗೆ ಬೇರೆ ಹೊರಗೆ ಬರುತ್ತಿದೆ.’ ಕ್ರೀಪಿ: ಮೈಮೇಲೆ ಹುಳ ಹರಿದಂತೆ ಮಾಡುವ. ನಾಲಿಗೆ ಮೊದಲಿನಿಂದಲೂ ಹೊರಗೇ ಇತ್ತು! ಪೇಂಟಿನ ಗುಣ ಎಂದುಕೊಂಡೆ.

ನನ್ನ ಹೆಂಡತಿ ರತ್ನಮ್ಮನಿಗೆ ಮಾತ್ರ ಕಲೆಯ ಗಂಧವಿಲ್ಲ. “ರೀ, ಆ ಮಗಾ ಹೆದ್ರಕೊಂಡೈತಂತೆ. ಇಳ್ಸಿ ಆ ಪಿಶಾಚೀನ,” ಎಂದಳು.

“ಹೆದ್ರಲಿ ಅಂತಾನೇ ಕಣೇ ಬರ್ದಿರೋದು!”

“ಕೆಟ್ಟ ಕಣ್ಣೋರು ಹೆದ್ರಲಿ. ಒಂದ್ನೇ ಕ್ಲಾಸ್ ಮಗಾ ನಿಮ್ಮ ಬಿಲ್ಡಿಂಗ್‌ಗೆ ಏನ್ ಕಣ್ ಹಾಕ್ತದೆ? ಅವ್ರೇನಾದ್ರೂ ಮನೆ ಬಿಟ್ಟೋದ್ರೆ ನೋಡ್ಕಳಿ! ಇಷ್ಟ್ ವರ್ಷಕ್ಕೆ ಈ ಬಿಲ್ಡಿಂಗ್‌ನಾಗೆ ನಂಜೊತೆ ಕೂತು ಕನ್ನಡದಾಗೆ ಮಾತಾಡಕ್ಕೆ ಒಬ್ಳು ಸಿಕ್ಕವ್ಳೆ.”

ಅದು ನಿಜ. ಸಂಜೆಯಾದರೆ ರತ್ನಮ್ಮ, ಶೈಲಾ ಮೆಟ್ಟಿಲ ಮೇಲೆ ಕೂತು ಹರಟುತ್ತಿದ್ದರು. ಇವಳ ಉಪ್ಸಾರು ಮೇಲಕ್ಕೆ ಹೋಗುತ್ತಿತ್ತು, ಅವರ ಜೋಳದ ರೊಟ್ಟಿ ಕೆಳಕ್ಕೆ ಬರುತ್ತಿತ್ತು. ಇವಳು ಅಷ್ಟು ನಗುವುದನ್ನು ನಾನು ನೋಡಿ ಎಷ್ಟೋ ಕಾಲವಾಗಿತ್ತು. ಆದರೂ ನಾನು ಜಗ್ಗಲಿಲ್ಲ.

ಮೂರನೇ ಸಂದೇಶದಲ್ಲಿ ‘ಅನ್‌ಕ್ಯಾನಿ’ ಎಂದಿತ್ತು. ಡಿಕ್ಷನರಿ ಪ್ರಕಾರ, ಪರಿಚಯದ್ದೇ ಆಗಿದ್ದೂ ವಿಚಿತ್ರವೆನಿಸುವುದು. ಇದು ಅತ್ಯುನ್ನತ ಪ್ರಶಸ್ತಿ ಎಂದು ಹಿಗ್ಗುವಷ್ಟರಲ್ಲಿ ಮುಂದಿನ ಸಾಲು ಓದಿದೆ. ತಿಂಗಳ ಕೊನೆಗೆ ಮನೆ ಖಾಲಿ ಮಾಡುತ್ತಾರಂತೆ!

ರತ್ನಮ್ಮ ಬೈಯಲಿಲ್ಲ. ಸುಮ್ಮನೆ ಒಳಗೆ ಹೋಗಿ ಕಣ್ಣೊರೆಸಿಕೊಂಡಳು. ಅದನ್ನು ತಡೆದುಕೊಳ್ಳಲು ನನ್ನಿಂದ ಆಗಲಿಲ್ಲ. ಅವತ್ತೇ ಬೊಂಬೆ ಇಳಿಸಿ ಗೋಣಿಚೀಲದಲ್ಲಿ ಸುತ್ತಿ ಮಂಚದ ಕೆಳಗೆ ಇಟ್ಟೆ.

ಮರುದಿನ ಬೆಳಿಗ್ಗೆ ಆರು ಗಂಟೆ. ತಿರುವಿನಲ್ಲಿ ಬರೀ ಮೊಳೆ. ಹೋದ ಬೊಂಬೆಯ ಸ್ಮರಣಾರ್ಥ ಕೊನೆಯದಾಗಿ ಒಮ್ಮೆ ಗಾಜಿಗೆ ಮುಖ ಹಚ್ಚಿ ಕಣ್ಣರಳಿಸಿ ನಾಲಿಗೆ ಚಾಚಿದೆ.

ಒಳಗಿನಿಂದ ಗೌರಿ ಚಿಟ್ಟನೆ ಚೀರಿದಳು!

ಬಸವರಾಜ ಬನಿಯನ್ನಿನಲ್ಲೇ ಹೊರಗೆ ಬಂದರು. ರತ್ನಮ್ಮ ಕೆಳಗಿನಿಂದ ಓಡಿ ಬಂದಳು.

“ಬೊಂಬೆ ನಿನ್ನೇನೇ ತೆಗ್ದುಬಿಟ್ಟೆ ಸಾರ್! ಇನ್ನೂ ಯಾಕ್ ಹೆದ್ರಕೊಳ್ತಾಳೆ?” ಎಂದೆ.

“ಬೊಂಬಿ ಬಗ್ಗೆ ಯಾರ್ ಅಂದ್ರು ಸರ್? ಅದು ಭಾಳ ಚಂದ ಐತ್ರಿ. ಸಾಲಿಗೆ ಹೋಗುವಾಗ ನಮ್ಮ ಗೌರಿ ದಿನಾ ಅದಕ್ಕ ಟಾಟಾ ಮಾಡ್ತಾಳ,” ಎಂದವರು ನೆಲ ನೋಡಿದರು. “ಗಾಜಿನ್ಯಾಗ ಹೊರಗಿನೋರಿಗೆ ಒಳಗ ಕಾಣಂಗಿಲ್ಲ. ಒಳಗಿನೋರಿಗೆ ಹೊರಗ ಎಲ್ಲಾ ಕಾಣ್ತೈತ್ರಿ. ಗ್ರೂಪಿನ್ಯಾಗ ಓನರ್ ಹೆಸರು ಹೆಂಗ ಬರೀಲಿ? ಅದಕ್ಕ ಮರ್ಯಾದಿಂದ ‘ಒಂದು ಮುಖ’ ಅಂತ ಬರದೆ.”

ಈರಿ ನಾನು. ಸಿನಿಸ್ಟರ್ ನಾನು. ಕ್ರೀಪಿ, ಅನ್‌ಕ್ಯಾನಿ, ಎಲ್ಲವೂ ನಾನೇ! ಧನ್ಯವಾದ ಬೇರೆ ಹೇಳಿದ್ದೆ.

ಗೌರಿ ಅಮ್ಮನ ಸೆರಗಿನ ಹಿಂದಿನಿಂದ ಇಣುಕಿದಳು. “ಅಂಕಲ್, ಬೊಂಬಿ ಯಾಕ್ ತೆಗದ್ರಿ? ಅದು ಇದ್ರ ನಿಮ್ಮನ್ನ ಓಡಸ್ತಿತ್ತು.”

ರತ್ನಮ್ಮ ನಗುತ್ತಾ ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತಳು. ಶೈಲಾ ಕೂಡ ಕೂತರು. ಮನೆ ಖಾಲಿ ಮಾಡುವ ಮಾತು ಆ ನಗುವಿನಲ್ಲೇ ಬಿದ್ದುಹೋಯಿತು.

ಬೊಂಬೆ ಮತ್ತೆ ಅದೇ ಮೊಳೆಗೆ ಬಂದಿದೆ. ಆದರೆ ಗೌರಿಯ ಆಜ್ಞೆಯಂತೆ ಈಗ ರಸ್ತೆಗೆ ಬೆನ್ನು ಹಾಕಿ, ಮೆಟ್ಟಿಲು ಹತ್ತಿ ಬರುವ ನನ್ನನ್ನೇ ನುಂಗುವಂತೆ ನೋಡುತ್ತದೆ.

“ಅಲ್ವೇ, ರಸ್ತೆ ಕಡೆಯಿಂದ ದೃಷ್ಟಿ ಬಿದ್ರೆ ಏನ್ ಮಾಡೋದು?” ಎಂದು ರತ್ನಮ್ಮನನ್ನು ಕೇಳಿದೆ.

“ಬೆಳಿಗ್ಗೆ ಒಂದೈದ್ ನಿಮಿಷ ನೀವೇ ಗೇಟ್ ಹತ್ರ ನಿಂತ್ಕಳಿ,” ಎಂದಳು.

ಮಂಕಿ ಕ್ಯಾಪ್ ಕೂಡ ಬೇಡವಂತೆ.