ಬತ್ತಿ ಇಳಿಸುತ್ತಿದ್ದ ಮಾವ

ನಮ್ಮ ಸೋದರಮಾವ ವರ್ಷದಲ್ಲಿ ಎಂಟು ತಿಂಗಳು ಮಾತ್ರ ಪೂರ್ತಿ ಬದುಕಿರುತ್ತಿದ್ದರು. ಉಳಿದ ನಾಲ್ಕು ತಿಂಗಳು ಅರ್ಧ ಬದುಕಿದರೆ ಸಾಕು ಎಂಬುದು ಅವರ ಸಿದ್ಧಾಂತ! ಹುಮನಾಬಾದಿನ ಬಜಾರಿನಲ್ಲಿ ಅವರದೊಂದು ಕಂದೀಲು ರಿಪೇರಿಯ ಅಂಗಡಿ. ಹೀಗಾಗಿ ಜಗತ್ತಿನ ಜೀವಿಗಳೆಲ್ಲ ಅವರ ಕಣ್ಣಿಗೆ ಎಣ್ಣೆ ಮತ್ತು ಬತ್ತಿ. ಯಾರಾದರೂ ಸಿಟ್ಟಾದರೆ ಬತ್ತಿ ಏರಿಸಿದ್ದಾನೆ ಎನ್ನುವರು, ತೂಕಡಿಸಿದರೆ ಇಳಿಸಿದ್ದಾನೆ ಎನ್ನುವರು.

ಈ ಸಿದ್ಧಾಂತದ ಗುರು ಒಂದು ಮುಳ್ಳಿಲಿ. ನಲವತ್ತೇಳರ ಮಳೆಗಾಲದಲ್ಲಿ ಬೇಮಳಖೇಡದ ಹೊಲದ ಬದುವಿನಲ್ಲಿ ಸಿಕ್ಕಿದ್ದನ್ನು ಸೀಮೆಎಣ್ಣೆ ಡಬ್ಬಿಯಲ್ಲಿ ಹಾಕಿಕೊಂಡು ತಂದಿದ್ದರು. ದೀಪಾವಳಿಯವರೆಗೆ ಅದು ಹುಳುಹುಪ್ಪಟೆ ತಿಂದು ತಿಂದು ಉಬ್ಬಿತು. ಚಳಿ ಬಿದ್ದು ಹುಳು ಸಿಗದಂತಾದಾಗ ಚೆಂಡಿನಂತೆ ಮುದುಡಿ ಮಲಗಿತು. ಮುಟ್ಟಿದರೆ ನೆಲದ ಕಲ್ಲಿನಷ್ಟು ತಣ್ಣಗೆ.

ನಾನು ಹೈದರಾಬಾದಿನಲ್ಲಿ ಪ್ರಾಣಿಶಾಸ್ತ್ರ ಓದಿ ಬಂದವನು. ಯಾವುದನ್ನೂ, ನನ್ನ ನೆನಪನ್ನು ಕೂಡ, ಸುಮ್ಮನೆ ನಂಬುವವನಲ್ಲ. ಆದರೂ ವಿವರಿಸುವ ಚಪಲ ಬಿಟ್ಟೀತೆ? ಸಣ್ಣ ಮೈಯಿಂದ ಬಿಸಿ ಬೇಗ ಸೋರುತ್ತದೆ, ಅದನ್ನು ಕಾಯ್ದುಕೊಳ್ಳಲು ಸದಾ ತಿನ್ನುತ್ತಿರಬೇಕು. ತಿನ್ನಲು ಸಿಗದ ಕಾಲದಲ್ಲಿ ಇಂಥ ಪ್ರಾಣಿ ಮೈಬಿಸಿಯನ್ನೇ ಇಳಿಸಿ, ಉಸಿರು, ಎದೆಬಡಿತ ಎಲ್ಲ ನಿಧಾನ ಮಾಡಿ, ಕೂಡಿಟ್ಟ ಕೊಬ್ಬನ್ನು ಹನಿಹನಿಯಾಗಿ ಸುಡುತ್ತದೆ ಎಂದೆ. ಮಾವನ ಕಣ್ಣು ಹೊಳೆದವು. ಮನುಷ್ಯನಿಗೆ ಇದು ಆಗದು ಎಂದು ಎಷ್ಟು ಹೇಳಿದರೂ ಕೇಳಲಿಲ್ಲ.

"ಯಾಕ ಆಗಲ್ಲ, ಶಾಣ್ಯಾ? ಮುಳ್ಳಿಲಿಕಿಂತ ನಾ ಏನ್ ಕಡಿಮಿ ಇದ್ದೀನೇನು?"

ಪುಷ್ಯ ಮಾಸದ ಹೊತ್ತಿಗೆ ಮಾವ ವಾಕ್ಯ ಪೂರ್ತಿ ಮಾಡುವುದನ್ನೇ ಬಿಟ್ಟರು. ಒಂದೊಂದು ಮಾತಿಗೂ ಎಣ್ಣೆ ಖರ್ಚಲ್ಲವೇ! ಮುಡಬಿಯ ಗಿರಾಕಿಯೊಬ್ಬ ಬಂದು ತನ್ನ ಕಂದೀಲು ಯಾವಾಗ ಸಿಗುತ್ತದೆ ಎಂದು ಕೇಳಿದ. ಮಾವ ಕಣ್ಣು ಮುಚ್ಚಿಕೊಂಡೇ "ಹೋಳಿಗಿ" ಎಂದರು. ಹೋಳಿ ಹುಣ್ಣಿಮೆಗೆ ಕೊಡುತ್ತೇನೆ ಎಂದು ಅದರ ಅರ್ಥ. ಆತ ಮರುದಿನ ಹೂರಣದ ಹೋಳಿಗೆಯನ್ನು ತುಪ್ಪದ ಸಮೇತ ಕಟ್ಟಿಕೊಂಡು ಬಂದ! ಮಾವ ಪಾಪ ಏನು ಮಾಡಬೇಕು? ಬತ್ತಿ ಏರಿಸಿದರು, ತಿಂದರು, ಮತ್ತೆ ಇಳಿಸಿದರು. ಕಂದೀಲು ಮಾತ್ರ ಸಿಕ್ಕಿದ್ದು ಹೋಳಿಗೇ.

ಇತ್ತ ಮುಳ್ಳಿಲಿಗೆ ಬಜಾರಿನ ತುಂಬ ಹೆಸರಾಯಿತು. ಬಂದವರೆಲ್ಲ ಅದನ್ನು ಒಲೆಯ ಬಳಿ ಹಿಡಿದು ಎಬ್ಬಿಸಿ ನೋಡುವರು. ಅದು ಗಡಗಡ ನಡುಗಿ ಮೈ ಬಿಸಿ ಮಾಡಿಕೊಂಡು ಕಣ್ಣು ತೆರೆಯುವುದು. ಎಲ್ಲರಿಗೂ ತಮಾಷೆ. ಆದರೆ ಹಾಗೆ ಒಂದು ಸಲ ಏಳಲು ಎಷ್ಟೋ ದಿನದ ಕೊಬ್ಬು ಉರಿದುಹೋಗುತ್ತದೆ. ಮಾಘದಲ್ಲಿ ಅದು ನಿಜವಾಗಿಯೇ ಸತ್ತಿತು. ಬರೀ ಮುಳ್ಳು ಉಳಿದಿತ್ತು.

"ಎಬ್ಬಿಸಿ ಎಬ್ಬಿಸಿ ಕೊಂದ್ವಿ," ಎಂದರು ಮಾವ. ಆ ದಿನ ಅಂಗಡಿ ತೆರೆಯಲಿಲ್ಲ.

ಮರುವರ್ಷ ನಮ್ಮ ಕಡೆ ಊರೂರೂ ಗದ್ದಲ, ಲೂಟಿ, ಬೆಂಕಿ. ಸಂಸ್ಥಾನದ ಗಡಿ ದಾಟಿ ಸೊಲ್ಲಾಪುರಕ್ಕೆ ಹೋಗಿ ಆಸರೆ ಪಡೆದಿದ್ದ ನಮ್ಮಪ್ಪ ಅಲ್ಲೇ ಜ್ವರದಿಂದ ತೀರಿಕೊಂಡ. ಗದ್ದಲ ಅಡಗಿದ ಮೇಲೆ ಸುದ್ದಿ ಕಲ್ಯಾಣಕ್ಕೆ, ನಮ್ಮ ಮನೆಗೆ ಬಂತು. ಅವ್ವ ಅಳಲಿಲ್ಲ. ಅಡುಗೆಮನೆಯ ಮೂಲೆಯಲ್ಲಿ ಕೌದಿ ಹೊದ್ದು ಕುಳಿತವಳು ಮಾತು ನಿಲ್ಲಿಸಿದಳು. ಊಟವೆಂದರೆ ಒಂದೆರಡು ತುತ್ತು. ಅಳದಿದ್ದರೆ ಇವಳೂ ಉಳಿಯುವುದಿಲ್ಲ ಎಂದು ಹಿರಿಯರು ಪಿಸುಗುಟ್ಟಿದರು. ನನಗೂ ಅದೇ ಭಯ.

ಸಾವಿನ ಮನೆಗೆ ಹೋಗುವುದಕ್ಕೆ ನಮ್ಮಲ್ಲಿ 'ಮಾತಾಡಿಸಿಕೊಂಡು ಬರುವುದು' ಎನ್ನುತ್ತಾರೆ. ಬಂದವರೆಲ್ಲ ಅವ್ವನನ್ನು ಅಪ್ಪಿ, ಅಲ್ಲಾಡಿಸಿ, ಎದೆ ಬಡಿದುಕೊಂಡು ಮಾತಾಡಿಸಿದರು. ಅವಳು ಪ್ರತಿ ಸಲವೂ ನಡುಗಿ, ಒಂದು ಗಳಿಗೆ ದಿಟ್ಟಿಸಿ, ಮೊದಲಿಗಿಂತ ಆಳಕ್ಕೆ ಇಳಿದುಹೋಗುತ್ತಿದ್ದಳು. ಇದನ್ನು ಒಂದು ದಿನ ನೋಡಿದ ಮಾವ ಹುಮನಾಬಾದಿನ ಅಂಗಡಿಗೆ ಬೀಗ ಹಾಕಿ ಬಂದು, ನಮ್ಮ ಹೊಸ್ತಿಲಲ್ಲಿ ಕುಳಿತುಬಿಟ್ಟರು.

ಮೊದಲು ಬಂದವಳು ಮೋರಖಂಡಿಯ ನಮ್ಮತ್ತೆ, ಅಪ್ಪನ ತಂಗಿ.

"ನಮ್ಮಣ್ಣ ಹೋಗ್ಯಾನ. ವೈನೀಗಿ ಮಾತಾಡಸ್ದೆ ಹ್ಯಾಂಗ ಹೋಗ್ಲಿ?" ಎಂದು ಅತ್ತಿಗೆ ಇದ್ದ ಕಡೆಗೆ ನುಗ್ಗಲು ನೋಡಿದಳು.

"ನನ್ನ ಮಾತಾಡಸ್ರಿ. ನಂದೂ ಭಾವ ಹೋಗ್ಯಾನ," ಎಂದು ಮಾವ ಗೊಳೋ ಎಂದು ಅಳತೊಡಗಿದರು!

ಅತ್ತೆಗೆ ದಾರಿಯೇ ಉಳಿಯಲಿಲ್ಲ. ಅಲ್ಲೇ ಕೂತು ಅತ್ತಳು. ಅಂದಿನಿಂದ ಯಾರೇ ಬರಲಿ, ಅಕ್ಕನ ಪಾಲಿನ ಅಳು ತಮ್ಮನದು. ಒಬ್ಬರು ಹೋದ ಕೂಡಲೇ ಮೂಗು ಒರೆಸಿಕೊಂಡು ನನ್ನಿಂದ ಚಹಾ ಮಾಡಿಸಿಕೊಂಡು ಕುಡಿದು, ಮುಂದಿನವರಿಗೆ ಸಿದ್ಧ. ದುಃಖ ಬೇರೆ, ಮುಳ್ಳಿಲಿಯ ನಿದ್ದೆ ಬೇರೆ, ಇದು ಶಾಸ್ತ್ರವಲ್ಲ ಮಾಮಾ ಎಂದೆ.

"ಗೊತ್ತದ. ನಿನ್ನ ಬುಕ್ಕಿನಾಗ ಬ್ಯಾರೆ ಏನರ ಅದಾ?"

ಇರಲಿಲ್ಲ.

ಆ ಚಳಿಗಾಲ ಮಾವ ಬತ್ತಿ ಇಳಿಸಲೇ ಇಲ್ಲ. ಅತ್ತು ಅತ್ತು ಅವರ ಕೆನ್ನೆ ಒಳಗೆ ಹೋದವು, ದನಿ ಒಡೆಯಿತು. ಒಳಗೆ ಅವ್ವನ ಪಕ್ಕದಲ್ಲಿ ಹಾಲಿನ ಬಟ್ಟಲು ಸದ್ದಿಲ್ಲದೆ ಇಟ್ಟು ಬರುತ್ತಿದ್ದರು. ಒಂದು ಮಾತೂ ಆಡಿಸಲಿಲ್ಲ.

ಬಿಸಿಲು ಏರತೊಡಗಿದ ಒಂದು ಬೆಳಗ್ಗೆ ಯಾರೋ ದೂರದ ನೆಂಟರು ಬಂದರು. ಯಾರೆಂದು ನೆನಪಿಲ್ಲ. ಅದು ಮಾಘವೋ ಫಾಲ್ಗುಣವೋ, ಅಂದು ಅವ್ವ ಆಡಿದ ಮಾತನ್ನು ಇಷ್ಟು ವರ್ಷ ಮೆಲುಕು ಹಾಕಿ ಹಾಕಿ ನಾನೇ ತಿದ್ದಿದ್ದೇನೋ, ಆಣೆ ಮಾಡಿ ಹೇಳಲಾರೆ. ಆದರೆ ಆಮೇಲೆ ಎಷ್ಟೋ ವರ್ಷ ಅವಳ ಕೈಯ ರೊಟ್ಟಿ ತಿಂದೆನಲ್ಲ, ಅದು ಮಾವ ಕೊಟ್ಟದ್ದು. ಅಷ್ಟರ ಮಟ್ಟಿಗೆ ನನಗೆ ಸಂಶಯವಿಲ್ಲ.

ಮಾವ ಒಡಕು ದನಿಯಲ್ಲಿ ಅಳು ಶುರು ಮಾಡಿದ್ದರು. ಹಿಂದೆ ಬಾಗಿಲು ಕಿರುಗುಟ್ಟಿತು. ಕೌದಿಯಿಲ್ಲದೆ, ಗೋಡೆ ಹಿಡಿದುಕೊಂಡು ಅವ್ವ ನಿಂತಿದ್ದಳು.

"ಸಾಕು ತಮ್ಮಾ, ಏಳು," ಎಂದಳು. "ಇನ್ನ ನಾ ಅಳ್ತೀನಿ."

ಮಾವ ಎದ್ದು ಜಾಗ ಬಿಟ್ಟರು.