ರತ್ನಮ್ಮನ ಆಟೋದಲ್ಲಿ ಮೊದಲ ಸವಾರಿ

ಭಾಷಣ ಮಾಡುವುದರಲ್ಲಿ ಒಂದು ಅಪಾಯವಿದೆ. ಯಾರಾದರೂ ಅದನ್ನು ನಿಜವಾಗಿ ಕೇಳಿಸಿಕೊಂಡುಬಿಡಬಹುದು. ಕಾಲೇಜಿನಲ್ಲಿ ಪಾಠ ಹೇಳಿದಷ್ಟು ಕಾಲ ನನಗೆ ಆ ಭಯವಿರಲಿಲ್ಲ. ನಿವೃತ್ತನಾದ ಮೇಲೆ, ಬೋಗಾದಿಯ ಸಮುದಾಯ ಭವನದಲ್ಲಿ ಬಡ ಹೆಣ್ಣುಮಕ್ಕಳಿಗೆ ಪುಕ್ಕಟೆಯಾಗಿ ಕಸುಬು ಕಲಿಸುವ ಸಂಸ್ಥೆಯವರು ನನ್ನನ್ನು ನಾಲ್ಕು ಮಾತಾಡಲು ಕರೆದರು. ಹೊಲಿಗೆ, ಬೇಕರಿ ತಿಂಡಿ, ಆಟೋ ಓಡಿಸುವುದು, ಎಲ್ಲವನ್ನೂ ಅಲ್ಲಿ ಹೇಳಿಕೊಡುತ್ತಾರೆ. ನಾನು ಹುಮ್ಮಸ್ಸಿನಲ್ಲಿ, "ನಿಮ್ಮ ಬದುಕಿನ ಬಂಡಿಗೆ ನೀವೇ ಸಾರಥಿಯಾಗಿ!" ಎಂದುಬಿಟ್ಟೆ. ಮುಂದಿನ ಸಾಲಿನಲ್ಲಿ ಕೂತಿದ್ದವಳು ನಮ್ಮ ಮನೆಯ ಪಾತ್ರೆ ತೊಳೆಯುವ ರತ್ನಮ್ಮ. ಗಂಡ ತೀರಿಕೊಂಡ ಮೇಲೆ ಮನೆಮನೆಯಲ್ಲಿ ದುಡಿದು ಎರಡು ಹೆಣ್ಣುಮಕ್ಕಳನ್ನು ಓದಿಸುತ್ತಿದ್ದಳು. ಮಾರನೆಯ ದಿನವೇ ಆಟೋ ತರಬೇತಿಗೆ ಹೆಸರು ಕೊಟ್ಟಳು. "ಊರಿಗೆ ಉಪದೇಶ ಮಾಡೋಕೆ ಮುಂಚೆ ನಮ್ಮ ಸಿಂಕ್ ಕಡೆ ಒಂದ್ಸಲ ನೋಡಬಾರದಿತ್ತೇನ್ರೀ?" ಎಂದಳು ನನ್ನ ಹೆಂಡತಿ ಸರೋಜ.

ರತ್ನಮ್ಮ ಕಲಿತಳು, ಲೈಸೆನ್ಸೂ ಬಂತು, ಓಡಿಸಲು ಸಂಸ್ಥೆಯವರೇ ಒಂದು ಆಟೋ ಕೊಟ್ಟರು. ಹತ್ತುವವರೇ ಇಲ್ಲ. ಒಂದು ಬೆಳಿಗ್ಗೆ ನಮ್ಮ ಗೇಟಿನ ಮುಂದೆ ಆಟೋ ನಿಲ್ಲಿಸಿದಳು. "ಸಾರ್, ಜನ ನನ್ನ ಮುಖ ನೋಡ್ಬುಟ್ಟು ಇಂದ್ಗಡೆ ನಿಂತಿರೋ ಆಟೋ ಹತ್ಕತ್ತಾರೆ. ಇವತ್ತೂ ಇಂಗೇ ಆದ್ರೆ ವಾಪಸ್ ಕೊಟ್ಬುಟ್ಟು ಪಾತ್ರೆ ತೊಳೆಯಕ್ಕೇ ಬತ್ತೀನಿ."

ಸರೋಜಳ ಮುಖ ಒಂದು ಗಳಿಗೆ ಅರಳಿದ್ದನ್ನು ನಾನು ಕಂಡೆ. ಮರುಗಳಿಗೆಯಲ್ಲಿ ಅವಳೇ ನನ್ನ ಚಪ್ಪಲಿ ತಂದು ಮುಂದಿಟ್ಟು, "ಹೋಗಿ ಕೂತ್ಕೊಳ್ಳಿ. ಒಬ್ರು ಕೂತಿದ್ರೆ ನೋಡಿ ಇನ್ನೊಬ್ರು ಬರ್ತಾರೆ" ಎಂದಳು. ತರಕಾರಿ ತರಲು ಹೊರಟವರನ್ನೂ ಮನೆಯವರು ಇಷ್ಟು ಸಲೀಸಾಗಿ ಕಳಿಸಿಕೊಡಲಾರರು.

ರಿಂಗ್ ರಸ್ತೆಯಲ್ಲಿ ಬಸ್ಸೊಂದು ಪಕ್ಕಕ್ಕೆ ಬಂದಾಗ ನಾನು ಕಂಬಿ ಹಿಡಿದು ಚಾಮುಂಡಿಯನ್ನು ನೆನೆದೆ. ರತ್ನಮ್ಮ ಕನ್ನಡಿಯಲ್ಲಿ ನೋಡಿದಳು. "ಕಣ್ ಮುಚ್ಕೋಬ್ಯಾಡಿ ಸಾರ್, ನೋಡ್ದೋರು ಎದರ್ಕತ್ತಾರೆ. ವಸಿ ನಗಾಡಿ." ನಕ್ಕೆ. ಆಧಾರ್ ಕಾರ್ಡಿನ ಫೋಟೋದಲ್ಲಿ ನಾನು ಇದಕ್ಕಿಂತ ಚೆನ್ನಾಗಿದ್ದೇನೆ. ಆದರೆ ಅವಳು ಓಡಿಸುತ್ತಿದ್ದುದರಲ್ಲಿ ಒಂದು ಕುಂದೂ ಇರಲಿಲ್ಲ. ರಸ್ತೆಯುಬ್ಬು ಬಂದರೆ ಮಗುವನ್ನು ತೊಟ್ಟಿಲಿಗೆ ಇಳಿಸುವ ಹಾಗೆ ಆಟೋ ಇಳಿಸುತ್ತಿದ್ದಳು. ನಡುಗುತ್ತಿದ್ದದ್ದು ನಾನೊಬ್ಬನೇ.

ಸ್ಟ್ಯಾಂಡಿನಲ್ಲಿ ಸುಮಾರು ಹೊತ್ತು ಕಾದೆವು. ಬಂದವರು ಬಗ್ಗಿ ನೋಡಿ ಮುಂದೆ ಹೋದರು. ರತ್ನಮ್ಮ ಸೆರಗಿನಿಂದ ಹ್ಯಾಂಡಲನ್ನು ಒರೆಸುತ್ತಲೇ ಇದ್ದಳು. ಅಷ್ಟರಲ್ಲಿ ಒಬ್ಬ ಅಜ್ಜಿ, ಕೂಸನ್ನೆತ್ತಿಕೊಂಡ ಬಾಣಂತಿ ಸೊಸೆಯೊಂದಿಗೆ ಬಂದಳು. ಆಸ್ಪತ್ರೆಗೆ ಹೋಗಬೇಕಿತ್ತು.

"ನೀನೇ ಓಡಿಸ್ತೀಯೇನವ್ವ? ಒಳ್ಳೇದಾಯ್ತು ಕಣಮ್ಮ. ಕೂಸೈತೆ, ನಿಧಾನಕ್ಕೆ ಓಗು."

ರತ್ನಮ್ಮ ಗಕ್ಕನೆ ನನ್ನತ್ತ ತಿರುಗಿದಳು. "ಸಾರ್, ಇಳ್ಕಳಿ."

"ಮತ್ತೆ ನಾನು ಮನೆಗೆ...?"

"ಬಾಡಿಗೆ ಬಂದೈತೆ ಸಾರ್!" ಎಂದಳು. ಅವಳ ಮುಖವೆಲ್ಲ ನಗು.

ಇಳಿದೆ. ಆಟೋ ತಿರುವು ದಾಟುವವರೆಗೂ ಕೈ ಬೀಸಿದೆ. ರತ್ನಮ್ಮ ನೋಡಲಿಲ್ಲ, ರಸ್ತೆ ನೋಡುತ್ತಿದ್ದಳು. ಅಜ್ಜಿ ಮಾತ್ರ ಹೊರಗೆ ಬಗ್ಗಿ ನನಗೆ ಕೈಮುಗಿದಳು, ಬಾಣಂತಿಗಾಗಿ ಆಟೋ ಬಿಟ್ಟುಕೊಟ್ಟ ಪುಣ್ಯಾತ್ಮನೆಂದುಕೊಂಡು. ನಾನೂ ಗಂಭೀರವಾಗಿ ಕೈಮುಗಿದೆ. ಸಿಕ್ಕಿದ ಗೌರವವನ್ನು ತಿದ್ದಲು ಹೋಗುವ ಅಭ್ಯಾಸ ನನಗಿಲ್ಲ.