ಹೆಬ್ಬೆರಳು ತಗಲುವ ಸೈಕಲ್ಲು

ವೈಭವನ ಬಲಗಾಲಿನ ಹೆಬ್ಬೆರಳು ಮತ್ತು ಅವನ ಸೈಕಲ್ಲಿನ ಮುಂದಿನ ಗಾಲಿ ಒಂದೇ ಹೊತ್ತಿಗೆ ಒಂದೇ ಜಾಗದಲ್ಲಿ ಇರಲು ಹೋದದ್ದೇ ಆ ದಿನದ ರಗಳೆಗೆಲ್ಲ ಮೂಲ.

ಪುಣೆಯಲ್ಲಿ ಒಂದಷ್ಟು ಕಾಲ ಕೊರಿಯರ್ ಹಂಚಿ ತನ್ನೂರಾದ ವಳಸಂಗಕ್ಕೆ ಮರಳುವಾಗ ಅವನು ಸಂಪಾದಿಸಿ ತಂದದ್ದು ಈ ಫಿಕ್ಸೀ ಸೈಕಲ್ಲೊಂದನ್ನೇ. ಅದಕ್ಕೆ ಗೇರಿಲ್ಲ, ಸ್ಟ್ಯಾಂಡಿಲ್ಲ, ಮಡ್‌ಗಾರ್ಡಿಲ್ಲ, ಕ್ಯಾರಿಯರಿಲ್ಲ, ಗಂಟೆಯೂ ಇಲ್ಲ. ಇಷ್ಟೆಲ್ಲ ಇಲ್ಲದಿರುವುದಕ್ಕೇ ಪುಣೆಯಲ್ಲಿ ಇದಕ್ಕೆ ಬೇಡಿಕೆ ಎಂದು ಅವನು ವಿವರಿಸಿದಾಗ ಓಣಿಯವರು ಅವನನ್ನು ಕನಿಕರದಿಂದ ನೋಡಿದ್ದರು. ಗಾಲಿ ತಿರುಗುವ ತನಕ ಪೆಡಲೂ ತಿರುಗಲೇಬೇಕು. ಸವಾರ ಕಾಲು ಸುಮ್ಮನಿಟ್ಟು ಕೂರುವಂತಿಲ್ಲ. ಸಾಲದ್ದಕ್ಕೆ ಸೈಕಲ್ಲಿನ ಮೈ ಗಿಡ್ಡ, ವೈಭವನ ಪಾದ ಉದ್ದ. ನಿಧಾನಕ್ಕೆ ಹೋಗುತ್ತ ಹ್ಯಾಂಡಲನ್ನು ಪೂರ್ತಿ ಹೊರಳಿಸಿದರೆ, ಪೆಡಲಿನ ಜೊತೆ ಮುಂದೆ ಬಂದ ಬೆರಳು ನೇರ ಗಾಲಿಗೆ ತಗಲುತ್ತಿತ್ತು. ಮೊಬೈಲಿನಲ್ಲಿ ಹುಡುಕಿ ಇದಕ್ಕೆ ಟೋ ಓವರ್‌ಲ್ಯಾಪ್ ಎಂಬ ಹೆಸರಿದೆಯೆಂದು ಅವನು ತಿಳಿದುಕೊಂಡಿದ್ದ. ಹೆಸರು ತಿಳಿದ ಮೇಲೆ ಬೇರೆ ಚಿಕಿತ್ಸೆ ಬೇಕೆನಿಸದೆ, ಓಣಿಯ ತಿರುವು ಬಂದಾಗೆಲ್ಲ ಇಳಿದು ನೂಕಿಕೊಂಡು ಹೋಗುತ್ತಿದ್ದ.

ಆ ದಿನ ಇಳಿಯುವಷ್ಟು ಪುರಸೊತ್ತಿರಲಿಲ್ಲ. ಕರಜಗಿಯ ಯೋಗಿತಾಳ ಕಡೆಯವರು ಮನೆ ನೋಡಲು ಬರುವವರಿದ್ದರು. ಹಿಂದಿನ ವಾರ ಇವನು ಹುಡುಗಿ ನೋಡಲು ಹೋದಾಗ ಅವಳು, "ಪುಣೆ ಬಿಟ್ಟು ಯಾಕ ಬಂದ್ರಿ?" ಎಂದು ನೇರವಾಗಿಯೇ ಕೇಳಿದ್ದಳು. "ಅಲ್ಲಿ ಜ್ವಾಳದ ಕಟಿ ರೊಟ್ಟಿ ಸಿಗವಲ್ದಾಗಿತ್ರಿ" ಎಂದು ಇವನು ಹೇಳಿದ್ದಕ್ಕೆ ಕೈಯಲ್ಲಿದ್ದ ಚಹಾದ ತಟ್ಟೆ ಅಲ್ಲಾಡುವಷ್ಟು ನಕ್ಕಿದ್ದಳು. ಆ ನಗು ಕೇಳಿದಾಗಿನಿಂದ ವೈಭವನಿಗೆ ಬೇರೆ ಯಾವ ಹುಡುಗಿಯೂ ಬೇಡವಾಗಿತ್ತು. ಮದುವೆಯಾದರೆ ಇವಳನ್ನೇ ಎಂದು ತಾಯಿ ಬೀರವ್ವನಿಗೆ ನಾಚಿಕೆ ಬಿಟ್ಟು ಹೇಳಿದ್ದ.

ಈ ಓಣಿಯಲ್ಲಿ ಮನೆ ನೋಡುವ ದಿನ ಒಂದು ಮನೆಯದಲ್ಲ, ಎಲ್ಲರದು. ಬೆಳಗಿನಿಂದಲೇ ಬೀರವ್ವನ ಮನೆಗೆ ಐಶ್ವರ್ಯ ಹರಿದು ಬರುತ್ತಿತ್ತು. ಎದುರುಮನೆಯ ಅಕ್ಕಾತಾಯಿಯ ಸೋಫಾ ಬಂತು, ನೂರಜಹಾನಳ ಹೂವಿನ ಕಪ್ಪುಬಸಿ ಬಂತು, ಯಾರದೋ ಕೂಲರು ತಾನಾಗಿಯೇ ಬಂದು ಕೂತಿತು. ಸಾಮಾನಿನ ಜೊತೆಗೊಂದು ಕಟ್ಟಳೆಯೂ ಉಂಟು. ಹೆಣ್ಣಿನ ಕಡೆಯವರು ಏನೇ ಕೇಳಲಿ, ಓಣಿಯವರು 'ಚಲೋ ಐತಿ' ಎನ್ನಬೇಕು. ನೀರು ಹೇಗೆ? ಚಲೋ ಐತಿ. ಹೊಲ? ಚಲೋ ಐತಿ. ಇಲ್ಲಿ ಕೂಡಿಬಂದ ಲಗ್ನಗಳೆಲ್ಲ ಹೀಗೆಯೇ ಕೂಡಿಬಂದಂಥವು, ಮತ್ತು ಸತ್ಯ ತಿಳಿಯುವ ಹೊತ್ತಿಗೆ ಗಂಡಹೆಂಡಿರು ಜಗಳವಾಡಲು ಬೇರೆ ವಿಷಯ ಹುಡುಕಿಕೊಂಡಿರುತ್ತಾರೆ.

"ಹಾಲ ಕಡಿಮಿ ಬೀಳತಾವೋ, ಲಗೂನ ತಗೊಂಬಾ" ಎಂದು ಬೀರವ್ವ ಮಗನನ್ನು ಅಟ್ಟಿದಳು. ಹಾಲಿನ ಕ್ಯಾನನ್ನು ಹ್ಯಾಂಡಲಿಗೆ ತೂಗಿಸಿಕೊಂಡು, ಯೋಗಿತಾಳ ನಗುವನ್ನು ನೆನೆಯುತ್ತ ವೈಭವ ಮರಳಿ ಬಂದ. ಅಕ್ಕಾತಾಯಿಯ ಮನೆಯ ಮೂಲೆಯಲ್ಲಿ ಎಡಕ್ಕೆ ಹೊರಳಬೇಕು. ಇಳಿಯುವುದು ಮರೆತುಹೋಯಿತು. ಬಲಗಾಲಿನ ಹೆಬ್ಬೆರಳು ಗಾಲಿಗೂ ಪೆಡಲಿಗೂ ನಡುವೆ ಸಿಕ್ಕಿತು. ಸೈಕಲ್ಲು ಗಕ್ಕನೆ ನಿಂತಿತು. ವೈಭವ ಮಾತ್ರ ಮುಂದುವರಿದ. ಅಲ್ಲಿ ಹೊರಸಿನ ಮೇಲೆ ಅಕ್ಕಾತಾಯಿ ಒಣಹಾಕಿದ್ದ ಶಾವಿಗೆ ಇತ್ತು. ಮೊದಲು ಅವನು ಅದರ ಮೇಲೆ ಬಿದ್ದ, ಆಮೇಲೆ ಹಾಲು ಬಿತ್ತು. ಸಕ್ಕರೆಯೊಂದಿದ್ದರೆ ಪಾಯಸವೇ ಆಗುತ್ತಿತ್ತು.

"ಅಯ್ಯಯ್ಯ, ನನ್ನ ಶಾವಿಗಿ!" ಎಂದು ಅಕ್ಕಾತಾಯಿ ಓಡಿ ಬಂದಳು. ಬಿದ್ದವನು ಯಾರೆಂದು ನೋಡಿದ ಮೇಲೆ ಸೆರಗು ಬಿಗಿದುಕೊಂಡು, "ಇವತ್ತ ನಿನಗ ಬೈಯೂ ಹಂಗಿಲ್ಲಪಾ, ಹೆಣ್ಣಿನ ಕಡಿ ಪಾವಣ್ಯಾರ ಬರತಾರ. ನಾಳಿಗಿ ಬೈತೀನಿ, ಮನ್ಯಾಗ ಇರು" ಎಂದಳು.

ಬೂಟು ಕಳಚಿದ್ದೇ ಬೆರಳು ನೋಡನೋಡುತ್ತಲೇ ಉಳ್ಳಾಗಡ್ಡಿಯಷ್ಟು ದಪ್ಪಗಾಯಿತು. ಮೂಲೆಯಲ್ಲಿ ಸೈಕಲ್ ರಿಪೇರಿ ಅಂಗಡಿ ಇಟ್ಟಿದ್ದ ಇಮಾಮ ಕೆಲಸ ಬಿಟ್ಟು ಬಂದು, ವೃತ್ತಿಧರ್ಮಕ್ಕೆ ತಕ್ಕಂತೆ ಮೊದಲು ಸೈಕಲ್ಲನ್ನು ಎತ್ತಿ ನಿಲ್ಲಿಸಿ, ಧೂಳು ಒರೆಸಿ, ಆಮೇಲೆ ವೈಭವನನ್ನು ನೋಡಿದ.

"ಸೈಕಲ್ಲಿಗಿ ಏನೂ ಆಗಿಲ್ಲ ತಮ್ಮಾ, ನೀ ಗಾಬರಿ ಆಗಬ್ಯಾಡ" ಎಂದ.

"ಬೂಟ ಬಿಚ್ಚಿ ತುಳಿಬೇಕಪಾ, ಅಷ್ಟರೆ ಉದ್ದ ಉಳಿತೈತಿ" ಎಂದಳು ಅಕ್ಕಾತಾಯಿ.

ಬಸ್ ಸ್ಟ್ಯಾಂಡಿನ ಹತ್ತಿರ ಚಹಾ ಮಾರುವ ದತ್ತಾ ಅಲ್ಲಿಗೂ ಬಂದಿದ್ದ. "ಎಡಕ್ಕ ತಿರುಗಿದ್ರ ಬಲಗಾಲ ತಗಲತೈತಿ, ಹೌದಿಲ್ಲೋ? ಇನ್ನ ಮ್ಯಾಲ ಬಲಕ್ಕಷ್ಟ ತಿರುಗು."

"ಬಲಕ್ಕ ತಿರುಗಿದ್ರ ಎಡಗಾಲ ತಗಲತೈತ್ಯೋ ಮಾರಾಯಾ" ಎಂದು ವೈಭವ ನರಳಿದ.

"ಹಂಗಾರ ನೆಟ್ಟಗ ಹೋಗು."

ಇಮಾಮ ಮಾತ್ರ ಪೆಡಲನ್ನೇ ನೋಡುತ್ತ ಗಡ್ಡ ಕೆರೆದುಕೊಂಡ. ಓಣಿಯ ಚಿಂತೆ ಆಗಲೇ ಬೇರೆ ಕಡೆ ತಿರುಗಿತ್ತು. ಹುಡುಗ ಕುಂಟುತ್ತಿದ್ದಾನೆ, ಹೆಣ್ಣಿನ ಕಡೆಯವರು ನೋಡಿದರೆ ಏನೆಂದಾರು? ಯಾರಿಗೂ ಅನುಮಾನ ಬರದಂತೆ ನಡೆದುಕೊಳ್ಳಬೇಕೆಂದು ಎಲ್ಲರೂ ತೀರ್ಮಾನಿಸಿದರು. ಅನುಮಾನ ಹುಟ್ಟಿಸಲು ಇದಕ್ಕಿಂತ ಒಳ್ಳೆಯ ತೀರ್ಮಾನ ಇನ್ನೊಂದಿಲ್ಲ.

ಯೋಗಿತಾಳ ಸೋದರಮಾವ ಶಿವಯೋಗೆಪ್ಪ ತಮ್ಮ ಮಂದಿಯೊಂದಿಗೆ ಜೀಪಿನಿಂದಿಳಿದು, ಪದ್ಧತಿಯಂತೆ ಮೊದಲು ದತ್ತಾನ ಅಂಗಡಿಯಲ್ಲಿ ಚಹಾ ಕುಡಿಯುತ್ತ, "ಬೀರವ್ವನ ಮಗಾ ಹೆಂಗ?" ಎಂದು ವಿಚಾರಿಸಿದರು.

"ಬಂಗಾರ್ರಿ! ಕಾಲಂತೂ ಭಾಳ ಚಲೋ ಅದಾವ ನೋಡ್ರಿ. ಎರಡೂ."

ಶಿವಯೋಗೆಪ್ಪ ಕಾಲಿನ ಬಗ್ಗೆ ಕೇಳಿರಲಿಲ್ಲ. ತಮ್ಮವರ ಮುಖ ನೋಡಿ ಕಪ್ಪು ಕೆಳಗಿಟ್ಟರು. ಓಣಿ ಹೊಕ್ಕಾಗ ಹೊಸ್ತಿಲಲ್ಲಿ ನಿಂತಿದ್ದ ಅಕ್ಕಾತಾಯಿ, "ಬರ್ರಿ ಅಣ್ಣಾರ, ಬರ್ರಿ. ಹುಡುಗ ಹುಟ್ಟಿದಾಗಿಂದ ಕುಂಟ ಅಂತೂ ಅಲ್ರಿ, ನಾ ಆಣಿ ಮಾಡಿ ಹೇಳ್ತೀನಿ" ಎಂದು ಸ್ವಾಗತಿಸಿದಳು.

ಅಕ್ಕಾತಾಯಿಯ ಸೋಫಾದ ಮೇಲೆ ಕೂತ ಶಿವಯೋಗೆಪ್ಪ ಮನೆಯನ್ನು ನೋಡಲಿಲ್ಲ, ಕೂಲರನ್ನೂ ನೋಡಲಿಲ್ಲ. ಹುಡುಗಿ ನೋಡಲು ಹೋದವರು ಅವಳ ನಡಿಗೆ ಪರೀಕ್ಷಿಸಲು ಹೂಡುವ ಹಳೆಯ ಉಪಾಯವನ್ನೇ ಇಲ್ಲಿ ಹೂಡಿದರು. "ತಮ್ಮಾ, ಒಂದೀಟ ನೀರ ತಗೊಂಬಾ" ಎಂದರು.

ವೈಭವ ಒಳಗೆ ಹೋಗಿ ತಂಬಿಗೆ ತುಂಬಿ ತಂದ. ಅವರ ಕೈ ಸೇರುವಷ್ಟರಲ್ಲಿ ನೀರು ಅರ್ಧ ಚೆಲ್ಲಿತ್ತು.

"ನಮ್ಮಾಂವ ಮೊದಲಿಂದನೂ ಸಾವಕಾಶ ನಡೀತಾನ್ರಿ" ಎಂದಳು ಬೀರವ್ವ, ಅವಲಕ್ಕಿಯ ಪೋಹೆ ತಟ್ಟೆ ಮುಂದೆ ಸರಿಸುತ್ತ.

ವೈಭವನಿಗೆ ಸಾಕಾಯಿತು. ಅವನಿಗೆ ಯೋಗಿತಾ ಬೇಕಾಗಿತ್ತು, ಮತ್ತು ಅವಳನ್ನು ಸುಳ್ಳಿನ ಮೇಲೆ ತರುವುದು ಬೇಡವಾಗಿತ್ತು. "ಇಲ್ರಿ ಮಾವಾರ, ಖರೇ ಹೇಳ್ತೀನಿ. ಮುಂಜಾನಿ ಸೈಕಲ್ ತಿರುಗಿಸುವಾಗ ಮುಂದಿನ ಗಾಲಿಗಿ ಬೆರಳ ತಗಲಿ ಬಿದ್ದೇನಿ. ನನ್ನ ಸೈಕಲ್ಲ ಹಂಗ ಐತ್ರಿ, ತಿರುಗಿಸಿದ್ರ ಬೆರಳಿಗಿ ತಗಲತೈತಿ."

ಪೋಹೆ ಅಗಿಯುತ್ತಿದ್ದ ಶಿವಯೋಗೆಪ್ಪನವರ ಬಾಯಿ ನಿಂತಿತು. "ನಾ ಸಾಲಿಗಿ ಸೈಕಲ್ ಮ್ಯಾಲ ಹೋದಾಂವ, ಹೊಲಕ್ಕ ಸೈಕಲ್ ಮ್ಯಾಲ ಹೋದಾಂವ. ತುಳಿಯಾಂವನ ಬೆರಳ ತಾನ ಜಜ್ಜೂ ಸೈಕಲ್ ನಾ ಎಲ್ಲಿ ನೋಡಿಲ್ಲ. ಅಂಥಾದ್ದ ಯಾರರೆ ಮಾಡ್ತಾರೇನು? ಮಾಡಿದ್ರ ಯಾರರೆ ತಗೋತಾರೇನು?"

"ನಾ ತಗೊಂಡೇನ್ರಿ."

"ಹಂಗಾರ ಪೋಹೆ ಮುಗಿಲಿ, ತುಳದು ತೋರ್ಸು. ಬೆರಳ ತಗಲಿತು ಅಂದ್ರ ಲಗ್ನ ಗಟ್ಟಿ ಅಂತ ಇವತ್ತ ಇಲ್ಲೇ ಸಕ್ಕರಿ ಹಂಚೂಣು."

ಪೋಹೆ ಮುಗಿಯಿತು, ಚಹಾ ಬಂತು, ಬೀರವ್ವ ಒತ್ತಾಯ ಮಾಡಿ ಇನ್ನೊಮ್ಮೆ ಪೋಹೆ ಬಡಿಸಿದಳು, ಮತ್ತೆ ಚಹಾ ಬಂತು. ಎಲ್ಲರೂ ಹೊರಗೆ ಬಂದಾಗ ಸೈಕಲ್ಲು ಬೇವಿನ ಮರಕ್ಕೆ ಒರಗಿತ್ತು. ಓಣಿಗೆ ಓಣಿಯೇ ನೆರೆದಿತ್ತು. ಇಮಾಮ ಗ್ರೀಸಿನ ಕೈ ಒರೆಸಿಕೊಳ್ಳುತ್ತ ಮುಂದಿನ ಸಾಲಿನಲ್ಲೇ ನಿಂತಿದ್ದ.

ವೈಭವ ಹತ್ತಿದ. ಪೆಡಲು ಏಕೋ ಹಗುರವೆನಿಸಿತು, ಭಯಕ್ಕೆ ಹಾಗಾಗಿರಬೇಕೆಂದುಕೊಂಡ. ಅಂಗಳದಲ್ಲಿ ನಿಧಾನಕ್ಕೆ ಒಂದು ಸುತ್ತು ಹಾಕಿ, ಹಲ್ಲು ಕಚ್ಚಿ, ಹ್ಯಾಂಡಲನ್ನು ಪೂರ್ತಿ ಎಡಕ್ಕೆ ಹೊರಳಿಸಿದ. ಆ ನೋವಿಗಾಗಿ ಅವನು ಜೀವನದಲ್ಲಿ ಮೊದಲ ಬಾರಿ ಹಂಬಲಿಸಿದ. ನೋವು ಬರಲಿಲ್ಲ. ಸೈಕಲ್ಲು ಬೆಣ್ಣೆಯಂತೆ ಹೊರಳಿತು.

ಮತ್ತೆ ಹೊರಳಿಸಿದ. ಬಲಕ್ಕೂ ಹೊರಳಿಸಿದ. ಗಾಲಿಗೂ ಬೆರಳಿಗೂ ಈಗ ಜನ್ಮದ ವೈರವಿದ್ದಂತೆ ದೂರ ದೂರ. ಕೊನೆಗೆ ಕಂಗಾಲಾಗಿ ಪಾದವನ್ನು ತಾನೇ ಮುಂದೆ ಚಾಚಿ ಗಾಲಿಗೆ ಮುಟ್ಟಿಸಲು ಹೋದ. ಹೆಣ್ಣಿನ ಕಡೆಯವರು ಒಬ್ಬರ ಮುಖ ಒಬ್ಬರು ನೋಡಿದರು.

ಶಿವಯೋಗೆಪ್ಪ ಇಮಾಮನ ಕಡೆ ತಿರುಗಿದರು. "ನೀವು ಮಿಸ್ತ್ರಿ ಕಾಣಸ್ತೀರಿ. ಈ ಸೈಕಲ್ ಬೆರಳಿಗಿ ತಗಲತೈತೇನ್ರಿ?"

ಇಮಾಮ ಎದೆಯ ಮೇಲೆ ಕೈಯಿಟ್ಟ. "ಎಲ್ಲಿ ಮಾತ ತಗದ್ರಿ ಮಾಲಕ್ರ! ಇಂಥಾ ಚಲೋ ಸೈಕಲ್ ಜತ್ತ ತಾಲೂಕಿನ್ಯಾಗ ಇಲ್ಲ. ಬೆರಳ ಬಿಡ್ರಿ, ಉಗುರ ಸೈತ ತಗಲಂಗಿಲ್ಲ."

"ಭಾಳ ಚಲೋ ಐತ್ರಿ" ಎಂದು ಓಣಿ ಒಂದೇ ದನಿಯಲ್ಲಿ ಅನುಮೋದಿಸಿತು.

ಶಿವಯೋಗೆಪ್ಪ ವೈಭವನ ಹೆಗಲ ಮೇಲೆ ಕೈಯಿಟ್ಟರು. ಸಿಟ್ಟಿರಲಿಲ್ಲ, ಮರುಕವಿತ್ತು. "ತಮ್ಮಾ, ಕಾಲ ಊನ ಐತಿ ಅಂತ ಹೇಳಿದ್ರೂ ನಾವು ಹೂಂ ಅಂತಿದ್ದಿವಿ. ಹುಡುಗಿಗಿ ನೀ ಮನಸಿಗಿ ಬಂದಿದ್ದಿ. ಆದ್ರ ಮುಖಾ ನೋಡಿ ಸುಳ್ಳ ಹೇಳಾಂವಗ ಹೆಣ್ಣ ಹೆಂಗ ಕೊಡೂದು? ನೋಡು, ನಿನ್ನ ಓಣಿ ಮಂದಿ ಎಷ್ಟ ಖರೇ ಮಾತಾಡ್ತಾರ. ಅವರನ್ನ ನೋಡಿ ಕಲಿ."

ಅವರು ನಮಸ್ಕಾರ ಮಾಡಿ ಜೀಪಿನ ಕಡೆ ನಡೆದರು. ಬೀರವ್ವ ಬಾಗಿಲ ಚೌಕಟ್ಟು ಹಿಡಿದು ಕೂತಳು. ವೈಭವ ಸೈಕಲ್ಲಿನಿಂದಿಳಿದು ಹ್ಯಾಂಡಲು ಹಿಡಿದು ನಿಂತ. ಇಮಾಮ ಮಾತ್ರ ಹಿಗ್ಗುತ್ತ ಬಂದು ಅವನ ಬೆನ್ನು ತಟ್ಟಿದ.

"ಹೆಂಗ ಮಾಡೇನಿ? ತಗಲಿತೇನು? ನೀವು ಒಳಗ ಚಾ ಕುಡಿಯೂದರಾಗ ಪೆಡಲಿನ ದಂಡ ತಗದು ಸಣ್ಣ ಹುಡುಗರ ಸೈಕಲ್ಲಿಂದು ಹಾಕೇನಿ, ಹಲ್ಲಿನ ಚಕ್ರ ಸಮೇತ. ಚೈನೂ ಗಿಡ್ಡ ಮಾಡೇನಿ. ಗಿಡ್ಡ ದಂಡ, ಗಿಡ್ಡ ಸುತ್ತು, ನಿನ್ನ ಕಾಲ ಮುಂದ ಬರೂದ ಇಲ್ಲ!"

"ಅವರ ಕೇಳಿದಾಗ ಇದನ್ನ ಯಾಕ ಹೇಳಲಿಲ್ಲೋ ಕಾಕಾ?"

ಇಮಾಮನ ಮುಖದಲ್ಲಿ ನಿಜವಾದ ನೋವು ಕಾಣಿಸಿತು. "ಬೀಗರ ಮುಂದ ನಿನ್ನ ಸೈಕಲ್ ಕೆಟ್ಟಿತ್ತು ಅಂತ ನಾ ಹೆಂಗ ಹೇಳ್ಲಿ? ನಿನ್ನ ಮರ್ಯಾದಿ ಪ್ರಶ್ನಿ ಅಲ್ಲೇನು?"

ಜೀಪು ಹೊರಟ ಸದ್ದು ಕೇಳಿತು. ವೈಭವ ಸೈಕಲ್ ಹಾರಿ ಕೂತ. ಅವರನ್ನು ಹಿಡಿದು ಆ ಗಿಡ್ಡ ದಂಡವನ್ನು ತೋರಿಸಿದರೆ ಇನ್ನೂ ಎಲ್ಲ ಸರಿಹೋಗಬಹುದಿತ್ತು. ಅವನು ಜೀವದ ಹಂಗು ಬಿಟ್ಟು ತುಳಿದ. ಮಕ್ಕಳ ಸೈಕಲ್ಲಿನ ಹಲ್ಲಿನ ಪುಟ್ಟ ಚಕ್ರದಿಂದಾಗಿ ಕಾಲು ಎಷ್ಟು ವೇಗವಾಗಿ ತಿರುಗಿದರೂ ಸೈಕಲ್ಲು ಎಮ್ಮೆಯ ನಡಿಗೆ ಬಿಡಲಿಲ್ಲ. ಮೊಣಕಾಲುಗಳು ಹೊಲಿಗೆ ಯಂತ್ರದಂತೆ ಕುಣಿಯುತ್ತಿದ್ದವು, ಬೆರಳು ಸುಡುತ್ತಿತ್ತು, ಜೀಪು ಕರಜಗಿಯ ರಸ್ತೆಯ ಧೂಳಿನಲ್ಲಿ ಸಣ್ಣದಾಗುತ್ತಿತ್ತು.

ಅಕ್ಕಾತಾಯಿಯ ಮನೆಯ ಮೂಲೆಯಲ್ಲಿ ಸೈಕಲ್ಲು ಎಲ್ಲಿಯೂ ತಗಲದೆ, ಸವಾರನನ್ನು ಇಳಿಸದೆ, ತೂಗಾಡದೆ ಹೊರಳಿತು. ಹಿಂದಿನಿಂದ ಓಣಿಯವರೆಲ್ಲ ಚಪ್ಪಾಳೆ ತಟ್ಟಿದರು.